ಬೆಟ್ಟದ ದಾರಿ: ಘಟ್ಟದ ಶಿಖರಗಳ ಪಟ್ಟಿ ಮಾಡೋರಿಗೆ

ಪ್ರಶ್ನೆ: ಸಾರ್ ನಮಸ್ಕಾರ. ನಮ್ಮದು ಕಾಲೇಜಿನ ಟ್ರೆಕ್ಕಿಂಗ್ ಗುಂಪು. ಕರ್ನಾಟಕದ ಪಶ್ಚಿಮ ಘಟ್ಟದ ಮುಖ್ಯ ಶಿಖರಗಳದ್ದೊಂದು ಪಟ್ಟಿ ಮಾಡೋಣ, ಹತ್ತಿದ್ದಕ್ಕೆಲ್ಲ ಟಿಕ್ ಹಾಕ್ತಾ ಹೋಗೋಣ ಅಂತ ಹೊರಟ್ವಿ. ಇಂಟರ್ನೆಟ್ಟಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿದ್ರೆ ಎಪ್ಪತ್ತು ಹೆಸರು ದಾಟ್ತು, ಒಂದೊಂದು ಕಡೆ ಒಂದೊಂದು ಎತ್ತರ ಬೇರೆ. ಮುಳ್ಳಯ್ಯನಗಿರಿ ಮೊದಲು ಅನ್ನೋದ್ರಲ್ಲಿ ಜಗಳ ಇಲ್ಲ, ಆದ್ರೆ ಎರಡನೇದು ಬಾಬಾಬುಡನ್‌ಗಿರಿನಾ ಕುದುರೆಮುಖನಾ ಅಂತ ಗುಂಪಲ್ಲಿ ಎರಡು ಪಾರ್ಟಿ ಆಗಿದೆ. ಯಾವುದನ್ನ ಇಟ್ಕೊಳ್ಳೋದು, ಯಾವುದನ್ನ ಬಿಡೋದು?
(ಶಿವಮೊಗ್ಗದ ಓದುಗರು)

ಉತ್ತರ: ಮೊದಲು ಆ ಎರಡನೇ ಸ್ಥಾನದ ವಿಷಯ ನೋಡೋಣ. ಹಳೇ ಮೈಸೂರಿನ ಗೆಜೆಟಿಯರ್‌ನಲ್ಲಿ ಮುಳ್ಳಯ್ಯನಗಿರಿ 6317 ಅಡಿ, ಕುದುರೆಮುಖ 6215 ಅಡಿ, ಬಾಬಾಬುಡನ್‌ಗಿರಿ 6214 ಅಡಿ, ಕಲ್ಹತ್ತಿಗಿರಿ 6155 ಅಡಿ ಅಂತಿದೆ. ಎರಡಕ್ಕೂ ಮೂರಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಅಡಿ ನೋಡಿ, ಆ ಶಿಖರದ ಮೇಲಿನ ಹುಲ್ಲೇ ಮಳೆಗಾಲದಲ್ಲಿ ಅದಕ್ಕಿಂತ ಎತ್ತರ ಬೆಳೆಯತ್ತೆ. ಈಗಿನ ಪಟ್ಟಿಗಳಲ್ಲಿ ಕುದುರೆಮುಖಕ್ಕೆ 1892 ಮೀಟರ್ ಅಂತಾನೂ 1894 ಅಂತಾನೂ ಇದೆ, ಬಾಬಾಬುಡನ್‌ಗಿರಿಗೆ 1895 ಅಂತಿದೆ, ಮುಳ್ಳಯ್ಯನಗಿರಿಗೇ 1925, 1930 ಎರಡೂ ಓಡ್ತಿದೆ (6317 ಅಡಿನ ಮೀಟರಿಗೆ ತಂದ್ರೆ 1925 ಬರತ್ತೆ). ಇಷ್ಟು ಸಣ್ಣ ಅಂತರಕ್ಕೆ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ. ಎತ್ತರ ಒಂದನ್ನೇ ಹಿಡ್ಕೊಂಡು ಪಟ್ಟಿ ಮಾಡಿದ್ರೆ ಕೊನೆಗೆ ಇಂಥ ಜಗಳಾನೇ ಉಳಿಯೋದು.

ನಿಜವಾಗಿ ಕೇಳ್ಬೇಕಾದ್ದು, ಆ ಶಿಖರ ತನ್ನ ಸುತ್ತಮುತ್ತಲಿಂದ ಎಷ್ಟು ಎದ್ದು ನಿಂತಿದೆ ಅನ್ನೋದು. ಪ್ರಪಂಚದಲ್ಲಿ ಶಿಖರಗಳ ಪಟ್ಟಿ ಮಾಡೋರು ಇದಕ್ಕೆ ಪ್ರಾಮಿನೆನ್ಸ್ ಅಂತಾರೆ. ನೀವು ಶಿವಮೊಗ್ಗದೋರು, ಲಿಂಗನಮಕ್ಕಿ ಹಿನ್ನೀರು ನೋಡೇ ಇರ್ತೀರಿ. ಶರಾವತಿ ಕಣಿವೆಯಲ್ಲಿ ನೀರು ಏರಿದಾಗ ತಗ್ಗೆಲ್ಲ ಮುಳುಗಿ ಗುಡ್ಡಗಳ ನೆತ್ತಿ ಮಾತ್ರ ನಡುಗಡ್ಡೆ ಆಗಿ ಉಳ್ಕೊಂಡ್ವಲ್ಲ, ಹಂಗೇ ಇಡೀ ಘಟ್ಟಕ್ಕೇ ನೀರು ತುಂಬಿಸ್ತಾ ಹೋದ್ವಿ ಅನ್ಕೊಳಿ. ಒಂದು ಹಂತದಲ್ಲಿ ನಿಮ್ಮ ಶಿಖರಕ್ಕೂ ಅದಕ್ಕಿಂತ ಎತ್ತರದ ಶಿಖರಕ್ಕೂ ಇದ್ದ ಕೊನೇ ನೆಲದ ಸಂಪರ್ಕ ಮುಳುಗತ್ತೆ, ನಿಮ್ಮ ಶಿಖರ ಒಂಟಿ ನಡುಗಡ್ಡೆ ಆಗತ್ತೆ. ಆಗ ನೀರಿನ ಮೇಲೆ ಎಷ್ಟು ಮೀಟರ್ ಉಳೀತೋ ಅದೇ ಪ್ರಾಮಿನೆನ್ಸ್. ಇನ್ನೊಂದು ರೀತಿ ಹೇಳ್ಬೇಕು ಅಂದ್ರೆ, ಈ ಶಿಖರದಿಂದ ಇದಕ್ಕಿಂತ ಎತ್ತರದ ಜಾಗಕ್ಕೆ ನಡೆದು ಹೋಗ್ಬೇಕು, ಆದಷ್ಟು ಕಮ್ಮಿ ಇಳೀಬೇಕು ಅಂದ್ರೆ ಕನಿಷ್ಠ ಎಷ್ಟು ಇಳೀಲೇಬೇಕು ಅನ್ನೋ ಲೆಕ್ಕ.

ಈಗ ನಿಮ್ಮ ಎರಡು ಪಾರ್ಟಿ ಕಡೆ ಬರೋಣ. ಬಾಬಾಬುಡನ್‌ಗಿರಿ ಇರೋದು ಮುಳ್ಳಯ್ಯನಗಿರಿಯ ಸಾಲಲ್ಲೇ, ಲಾಳದ ಆಕಾರದಲ್ಲಿ ಜಾಗರ ಕಣಿವೆನ ಸುತ್ಕೊಂಡಿರೋ ಚಂದ್ರದ್ರೋಣ ಪರ್ವತ ಅದು. ಆ ಸಾಲು ಉದ್ದಕ್ಕೂ ಎತ್ತರದಲ್ಲೇ ಸಾಗತ್ತೆ, ನಡುವೆ ಬಯಲಿಗೆ ಇಳಿಯಲ್ಲ. ಕುದುರೆಮುಖದ್ದು ಹಂಗಲ್ಲ, ಅದು ಬೇರೇನೇ ಪರ್ವತ. ಅಲ್ಲಿಂದ ಮುಳ್ಳಯ್ಯನಗಿರಿಗೆ ನೆಲ ಬಿಡದೆ ಬರ್ಬೇಕು ಅಂದ್ರೆ ಬಲ್ಲಾಳರಾಯನ ದುರ್ಗದ ಕಡೆ ಬಂದು, ಅಲ್ಲಿಂದ ಮೂಡಿಗೆರೆ, ಆಲ್ದೂರು ಸೀಮೆಯ ಕಾಫಿ ತೋಟಗಳ ನಡುವೆ ಇಳಿದು ಮತ್ತೆ ಚಿಕ್ಕಮಗಳೂರಿನ ಕಡೆಯಿಂದ ಹತ್ಬೇಕು. ಹೆಚ್ಚೂಕಮ್ಮಿ ತನ್ನ ಅರ್ಧ ಎತ್ತರನ ಕಳ್ಕೊಂಡು ಮತ್ತೆ ಏರಿದಂಗೆ. ಹಂಗಾಗಿ ಎತ್ತರದಲ್ಲಿ ಒಂದಡಿ ಅತ್ತಿತ್ತ ಇರೋ ಈ ಎರಡು ಶಿಖರ ಪ್ರಾಮಿನೆನ್ಸ್‌ನಲ್ಲಿ ಹತ್ರ ಹತ್ರಕ್ಕೂ ಬರಲ್ಲ. ನನ್ನ ಮಟ್ಟಿಗೆ ಎರಡನೇ ಸ್ಥಾನ ಕುದುರೆಮುಖದ್ದೇ, ಸಂಶಯ ಬೇಡ.

ಕೊನೇ ನೆಲದ ಸಂಪರ್ಕ ಅಂದ್ನಲ್ಲ, ಆ ತಗ್ಗು ಎಲ್ಲಿದೆ ಅಂತ ಹುಡ್ಕೋಕೆ ಒಂದು ಸುಲಭದ ದಾರಿ ಇದೆ. ಎರಡು ಶಿಖರದ ನಡುವಿನ ತಗ್ಗು ಯಾವತ್ತೂ ಜಲವಿಭಜಕದ ಮೇಲೇ ಇರತ್ತೆ, ಅಂದ್ರೆ ಒಂದು ಪಕ್ಕಕ್ಕೆ ಬಿದ್ದ ಮಳೆ ಒಂದು ಹೊಳೆಗೆ, ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಇನ್ನೊಂದು ಹೊಳೆಗೆ ಹೋಗೋ ಗೆರೆ ಮೇಲೆ. ಬಲ್ಲಾಳರಾಯನ ದುರ್ಗದಿಂದ ಮುಳ್ಳಯ್ಯನಗಿರಿಗೆ ಬರೋ ಈ ಗೆರೆಯ ಒಂದು ಕಡೆ ಭದ್ರಾ, ಇನ್ನೊಂದು ಕಡೆ ಹೇಮಾವತಿ ಮತ್ತೆ ಯಗಚಿ. ಒಂದು ಕಡೆಯ ನೀರು ಕೃಷ್ಣೆಗೆ, ಇನ್ನೊಂದು ಕಡೆಯದು ಕಾವೇರಿಗೆ. ಮ್ಯಾಪಲ್ಲಿ ಮೊದಲು ಹೊಳೆಗಳನ್ನೆಲ್ಲ ನೀಲಿ ಪೆನ್ನಲ್ಲಿ ತಿದ್ಕೊಳಿ, ಯಾವ ಹೊಳೆನೂ ದಾಟದ ಹಾಗೆ ಒಂದು ಗೆರೆ ಎಳೀರಿ, ಆ ಗೆರೆ ಮೇಲೆ ಎಲ್ಲಕ್ಕಿಂತ ಕೆಳಗಿರೋ ಜಾಗ ಹುಡುಕಿ, ಅಷ್ಟೇ. ಒಂದು ಸಂಜೆ ಕೂತ್ರೆ ಒಂದು ಶಿಖರ ಮುಗಿಯತ್ತೆ, ಮತ್ತೆ ಇದನ್ನ ಮಾಡೋವಾಗ ಘಟ್ಟ ಹೆಂಗೆ ಜೋಡ್ಕೊಂಡಿದೆ ಅಂತ ಗೊತ್ತಾಗೋ ಖುಷಿ ಹತ್ತೋದಕ್ಕಿಂತ ಕಮ್ಮಿ ಏನಿಲ್ಲ.

ಮ್ಯಾಪ್ ಯಾವುದು ಅಂದ್ರೆ, ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ಟೋಪೋಶೀಟ್, ಅಂದ್ರೆ ನೆಲದ ಏರಿಳಿತ ತೋರಿಸೋ ಮ್ಯಾಪು. 2017ರಿಂದ ಅವರ ಪೋರ್ಟಲಲ್ಲಿ ಪಿಡಿಎಫ್ ಇಳಿಸ್ಕೊಬಹುದು. 1:50,000 ಸ್ಕೇಲು, ಎರಡು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್, ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನ ಜೋಡಿಸೋ ಗೆರೆ) ನಡುವೆ 20 ಮೀಟರ್ ಎತ್ತರದ ಅಂತರ. ತಗ್ಗಿನ ನಿಖರ ಎತ್ತರ ಸಾಮಾನ್ಯವಾಗಿ ಬರೆದಿರಲ್ಲ, 980ಕ್ಕೂ 1000ಕ್ಕೂ ನಡುವೆ ಎಲ್ಲೋ ಇದೆ ಅನ್ನೋದಷ್ಟೇ ಸಿಗತ್ತೆ. ಆಗ ಮೇಲಿನ ಗೆರೆನೇ ಲೆಕ್ಕಕ್ಕೆ ತಗೊಳಿ, ಪ್ರಾಮಿನೆನ್ಸ್ ಸ್ವಲ್ಪ ಕಮ್ಮಿ ಬರತ್ತೆ ಆದ್ರೆ ಯಾರೂ ಪ್ರಶ್ನೆ ಮಾಡೋಕಾಗಲ್ಲ.

ಇನ್ನು ಕಟ್-ಆಫ್ ಎಷ್ಟು ಇಡೋದು. ಇದನ್ನ ಹೆಸರು ಸೇರಿಸೋಕೆ ಮುಂಚೆನೇ ತೀರ್ಮಾನ ಮಾಡಿ ಬರೆದಿಡಿ, ಆಮೇಲೆ ಇಟ್ರೆ ಎಲ್ರೂ ಅವರವರ ಇಷ್ಟದ ಬೆಟ್ಟ ಒಳಗೆ ಬರೋ ಹಾಗೆ ಅಂಕೆ ಎಳೀತಾರೆ. ಸ್ಕಾಟ್ಲೆಂಡಲ್ಲಿ ಹ್ಯೂ ಮನ್ರೋ ಅನ್ನೋರು 1891ರಲ್ಲಿ 3000 ಅಡಿಗಿಂತ ಎತ್ತರದ ಬೆಟ್ಟಗಳ ಪಟ್ಟಿ ಪ್ರಕಟಿಸಿದ್ರು, ಇವತ್ತು ಆ ಶಿಖರಗಳಿಗೇ ಮನ್ರೋ ಅಂತಾನೇ ಹೆಸರು, ಈಗ 282 ಇದೆ. ಆದ್ರೆ ಯಾವುದು ಸ್ವತಂತ್ರ ಬೆಟ್ಟ, ಯಾವುದು ಪಕ್ಕದ ಬೆಟ್ಟದ ಭುಜ ಅನ್ನೋದಕ್ಕೆ ಅವರು ಅಂಕೆ ಇಡ್ಲಿಲ್ಲ, ನೋಡಿ ತೀರ್ಮಾನಿಸಿದ್ರು, ಅದರ ಚರ್ಚೆ ನೂರು ವರ್ಷ ದಾಟಿದ್ರೂ ನಡೀತಾನೇ ಇದೆ. ಆಮೇಲೆ ಬಂದ ಕಾರ್ಬೆಟ್ ಪಟ್ಟಿಗೆ 2500ರಿಂದ 3000 ಅಡಿ ಎತ್ತರ, ಸುತ್ತಲೂ 500 ಅಡಿ ಇಳಿಜಾರು ಇರ್ಲೇಬೇಕು ಅನ್ನೋ ನಿಯಮ ಆಯ್ತು. 1992ರಲ್ಲಿ ಆಲನ್ ಡಾಸನ್ ಅನ್ನೋರು ಎತ್ತರನೇ ಬಿಟ್ಟು ಬರೀ 150 ಮೀಟರ್ ಪ್ರಾಮಿನೆನ್ಸ್ ಇಟ್ಕೊಂಡು ಇನ್ನೊಂದು ಪಟ್ಟಿ ಮಾಡಿದ್ರು. ಅಮೆರಿಕದ ಕೊಲೊರಾಡೋದಲ್ಲಿ 14,000 ಅಡಿ ಶಿಖರಗಳಿಗೆ 300 ಅಡಿ ಇಳಿಜಾರು ಸಾಕು ಅಂತಾರೆ. ನಮ್ಮ ಘಟ್ಟಕ್ಕೆ ನಾನು ಹೇಳೋದು 1000 ಮೀಟರ್ ಎತ್ತರ, 150 ಮೀಟರ್ ಪ್ರಾಮಿನೆನ್ಸ್. ಅದಕ್ಕಿಂತ ಕಮ್ಮಿ ಇಟ್ರೆ ಕುದುರೆಮುಖ ಸಾಲಿನ ಒಂದೊಂದು ಹುಲ್ಲುಗುಡ್ಡಾನೂ ಒಳಗೆ ಬರತ್ತೆ, ನಿಮ್ಮ ಎಪ್ಪತ್ತು ನೂರೆಪ್ಪತ್ತಾಗತ್ತೆ.

ಪ್ರಶ್ನೆ: ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹತ್ತಿದೀವಿ, ಸುಮಾರು 1600 ಮೀಟರ್ ಏರು. ಹಾಗಾದ್ರೆ ಅದರ ಪ್ರಾಮಿನೆನ್ಸ್ 1600 ಅಂತ ಬರೀಬಹುದಾ? ಶೇಷ ಪರ್ವತ, ಪುಷ್ಪಗಿರಿ ಇವನ್ನೂ ಬೇರೆ ಬೇರೆ ಎಣಿಸ್ಬೇಕಾ?
(ಪುತ್ತೂರಿನ ಓದುಗರು)

ಉತ್ತರ: ಇಲ್ಲ, ಬರೀಬಾರ್ದು, ಮತ್ತೆ ಇದು ಘಟ್ಟದಲ್ಲಿ ಎಲ್ಲರಿಗೂ ಆಗೋ ಗೊಂದಲ. ಪಶ್ಚಿಮ ಘಟ್ಟ ಎರಡೂ ಕಡೆ ಸಮವಾಗಿ ಇಳಿಯೋ ಪರ್ವತ ಅಲ್ಲ, ಕರಾವಳಿ ಕಡೆ ಗೋಡೆ, ಈ ಕಡೆ ಎತ್ತರದ ಮಲೆನಾಡು. ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರು ಚಿಲ್ರೆ ಮೀಟರ್ ಅಷ್ಟೇ, ಶಿಖರ 1712. ಅದಕ್ಕೇ ಆ ಹತ್ತೋದು ಅಷ್ಟು ಕಷ್ಟ, ಮಂಡಿ ಬಿದ್ದೋಗತ್ತೆ. ಆದ್ರೆ ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯಿಂದ ಬಂದೋರನ್ನ ಕೇಳಿ, ಅವರು ಶುರು ಮಾಡಿದ್ದೇ ತುಂಬಾ ಮೇಲಿಂದ. ಹೆಚ್ಚು ಎತ್ತರದ ಶಿಖರದ ಕಡೆ ಹೋಗೋ ನೆಲದ ಸಂಪರ್ಕ ಇರೋದೂ ಆ ಕಡೆನೇ, ಹಂಗಾಗಿ ಪ್ರಾಮಿನೆನ್ಸ್ ಲೆಕ್ಕ ಆಗೋದೂ ಅಲ್ಲಿಂದಾನೇ, ಕುಕ್ಕೆಯಿಂದ ಅಲ್ಲ. ಘಟ್ಟದ ಅಂಚಲ್ಲಿರೋ ಎಲ್ಲ ಶಿಖರಕ್ಕೂ ಇದೇ ಮಾತು. ನಿಮ್ಮ ಪಟ್ಟಿಯಲ್ಲಿ "ಹತ್ತೋ ಏರು" ಅಂತ ಬೇರೆ ಕಾಲಂ ಹಾಕ್ಕೊಳಿ, ಹೋಗೋರಿಗೆ ಅದೂ ಬೇಕಾದ ಮಾಹಿತಿನೇ, ಎರಡನ್ನೂ ಬೆರೆಸ್ಬೇಡಿ.

ಪುಷ್ಪಗಿರಿ, ಕುಮಾರ ಪರ್ವತ ಎರಡೂ ಒಂದೇ ಶಿಖರ, ಒಂದೇ ಸಲ ಎಣಿಸಿ. ಶೇಷ ಪರ್ವತ ದಾರೀಲಿ ಸಿಗೋ ದೊಡ್ಡ ಭುಜ. ಅಲ್ಲಿ ನಿಂತ್ರೆ ಎದೆ ಝಲ್ಲನ್ನೋ ಪ್ರಪಾತ ಇದೆ ನಿಜ, ಆದ್ರೆ ಅಲ್ಲಿಂದ ಮುಖ್ಯ ಶಿಖರಕ್ಕೆ ಹೋಗೋವಾಗ ನಡುವೆ ಇಳಿಯೋದು ಒಂದು ಸಣ್ಣ ಶೋಲಾ ಕಾಡಿನ (ಹುಲ್ಲುಗುಡ್ಡಗಳ ನಡುವೆ ಬೆಳೆಯೋ ದಟ್ಟ ಕಾಡು) ತಗ್ಗಿಗೆ ಅಷ್ಟೇ, 150 ಮೀಟರ್ ನಿಯಮಕ್ಕೆ ಅದು ಸಾಲಲ್ಲ. ಮುಖ್ಯ ಶಿಖರದ ಕೆಳಗೆ ಉಪಶಿಖರ ಅಂತ ಒಂದು ಸಾಲು ಕೊಡಿ, ಹೆಸರು ಕಳ್ಕೊಳ್ಳೋದು ಬೇಡ.

ಪ್ರಶ್ನೆ: ಮುಳ್ಳಯ್ಯನಗಿರಿ ಮೇಲೆ ನನ್ನ ಮೊಬೈಲ್ ಜಿಪಿಎಸ್ 1840 ತೋರಿಸ್ತು, ಫ್ರೆಂಡ್ ಮೊಬೈಲು 1928 ಅಂತು. ಸರ್ಕಾರದ ಅಂಕೆನೇ ತಪ್ಪಾ? ನಾವೇ ಎಲ್ಲ ಶಿಖರನೂ ಜಿಪಿಎಸ್‌ನಲ್ಲಿ ಅಳೆದು ಹೊಸ ಎತ್ತರ ಹಾಕೋಣ ಅಂತಿದೀವಿ.
(ಹಾಸನದ ಓದುಗರು)

ಉತ್ತರ: ಅಂಕೆ ತಪ್ಪಿಲ್ಲ, ನಿಮ್ಮ ಮೊಬೈಲೂ ಕೆಟ್ಟಿಲ್ಲ. ಜಿಪಿಎಸ್ ಎತ್ತರ ಅಳೆಯೋದು ಸಮುದ್ರಮಟ್ಟದಿಂದ ಅಲ್ಲ, ಭೂಮಿಗೆ ಅಂತ ಲೆಕ್ಕಕ್ಕೆ ಇಟ್ಕೊಂಡಿರೋ ಒಂದು ನುಣುಪಾದ ಆಕಾರದಿಂದ. ನಿಜವಾದ ಸಮುದ್ರಮಟ್ಟ ಭೂಮಿಯ ಗುರುತ್ವದ ಏರುಪೇರಿಗೆ ತಕ್ಕಂತೆ ಅದಕ್ಕಿಂತ ಮೇಲೋ ಕೆಳಗೋ ಇರತ್ತೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ಗುರುತ್ವದ ತಗ್ಗಿದೆ, ಅಲ್ಲಿ ಸಮುದ್ರ ಆ ಆಕಾರಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗೆ. ನಮ್ಮ ಕರ್ನಾಟಕದ ದಕ್ಷಿಣ ಭಾಗದಲ್ಲೂ ಅದರ ಪ್ರಭಾವ ಇದೆ, ಸುಮಾರು 85ರಿಂದ 90 ಮೀಟರ್ ವ್ಯತ್ಯಾಸ. ನಿಮ್ಮ 1840ಕ್ಕೆ ಅದನ್ನ ಸೇರ್ಸಿ ನೋಡಿ, ಸರಿ ಹೋಗತ್ತೆ. ಕೆಲವು ಆ್ಯಪು ಈ ತಿದ್ದುಪಡಿ ತಾನೇ ಮಾಡಿ ತೋರಿಸತ್ತೆ, ಕೆಲವು ಮಾಡಲ್ಲ, ಸೆಟ್ಟಿಂಗ್ಸಲ್ಲಿ ನೋಡ್ಕೊಳಿ.

ತಿದ್ದುಪಡಿ ಆದ್ಮೇಲೂ ಮೊಬೈಲಿನ ಎತ್ತರ ಹತ್ತಿಪ್ಪತ್ತು ಮೀಟರ್ ಆಚೆ ಈಚೆ ಆಗತ್ತೆ. ಹಂಗಾಗಿ ಹೊಸ ಎತ್ತರ ಹಾಕೋ ಕೆಲಸಕ್ಕೆ ಇಳೀಬೇಡಿ ದಯವಿಟ್ಟು. 1802ರಲ್ಲಿ ಮದ್ರಾಸಲ್ಲಿ ಶುರು ಮಾಡಿ ವಿಲಿಯಂ ಲ್ಯಾಂಬ್ಟನ್ ತಂಡ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹಾಕ್ಕೊಂಡು ಮಂಗಳೂರು ಕರಾವಳಿವರೆಗೆ ಬಂದ್ರು, ಆ ಕೆಲಸ ಮುಂದುವರಿದು ಇವತ್ತಿನ ಟೋಪೋಶೀಟಲ್ಲಿರೋ ಅಂಕೆಗಳಾಗಿವೆ. ಶಿಖರದ ಪಕ್ಕ ಸಣ್ಣ ತ್ರಿಕೋನದ ಗುರುತಿದ್ರೆ ಅದು ಅಂಥ ಅಳತೆಯ ಜಾಗ, ಆ ಅಂಕೆನ ನಂಬಿ. ಮೊಬೈಲ್ ಜಿಪಿಎಸ್ ಬೇಕಾಗೋದು ಬೇರೆ ಕೆಲಸಕ್ಕೆ, ಶಿಖರ ನಿಜವಾಗಿ ಎಲ್ಲಿದೆ ಅನ್ನೋ ಅಕ್ಷಾಂಶ ರೇಖಾಂಶಕ್ಕೆ. ಇಂಟರ್ನೆಟ್ ಪಟ್ಟಿಗಳಲ್ಲಿ ಹೆಸರಿನ ಪಿನ್ನು ಪಕ್ಕದ ಗುಡ್ಡದ ಮೇಲೆ ಬಿದ್ದಿರೋದು ತುಂಬಾ ಇದೆ, ಅದನ್ನ ನೀವು ಸರಿಮಾಡಿದ್ರೆ ಅದೇ ದೊಡ್ಡ ಉಪಕಾರ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದೋನು. ಟೋಪೋಶೀಟ್ ನೋಡ್ತಾ ಕೂರೋ ಬದ್ಲು ಸ್ಯಾಟಲೈಟ್ ಎತ್ತರದ ಡೇಟಾ ಡೌನ್‌ಲೋಡ್ ಮಾಡಿ ಪ್ರೋಗ್ರಾಮ್ ಬರೆದ್ರೆ ಒಂದೇ ರಾತ್ರೀಲಿ ಎಲ್ಲ ಶಿಖರದ ಪ್ರಾಮಿನೆನ್ಸ್ ಬರಲ್ವಾ?
(ಬೆಂಗಳೂರಿನ ಓದುಗರು)

ಉತ್ತರ: ಬರತ್ತೆ, ಖಂಡಿತ ಮಾಡಿ. 2000ದ ಫೆಬ್ರವರಿಯಲ್ಲಿ ಅಮೆರಿಕದ ಸ್ಪೇಸ್ ಶಟಲ್ ರೇಡಾರ್ ಇಟ್ಕೊಂಡು 11 ದಿನದಲ್ಲಿ ಭೂಮಿಯ ಬಹುಪಾಲು ನೆಲದ ಎತ್ತರ ಅಳೆದು ಬಂತು, ಅದರ 30 ಮೀಟರ್ ಡೇಟಾ ಈಗ ಫ್ರೀಯಾಗಿ ಸಿಗತ್ತೆ, ಎಸ್‌ಆರ್‌ಟಿಎಂ ಅಂತ. ಇಸ್ರೋದ ಉಪಗ್ರಹ ಕಾರ್ಟೋಸ್ಯಾಟ್‌ದು ಭುವನ್ ಪೋರ್ಟಲಲ್ಲಿದೆ. ಮೊದಲ ಜರಡಿಗೆ ಇವು ಬಹಳ ಒಳ್ಳೇದು, ಮ್ಯಾಪಲ್ಲಿ ಹೆಸರೇ ಇಲ್ಲದ ಎಷ್ಟೋ ಒಳ್ಳೇ ಶಿಖರ ಇದ್ರಿಂದಾನೇ ಕಣ್ಣಿಗೆ ಬೀಳೋದು.

ಆದ್ರೆ ಘಟ್ಟದ ಸ್ವಭಾವ ತಿಳ್ಕೊಂಡು ಆ ಅಂಕೆನ ಓದ್ಬೇಕು. ನಮ್ಮಲ್ಲಿ ನೆತ್ತಿ ಮೇಲೆ ಹುಲ್ಲು, ತಗ್ಗಲ್ಲಿ ಶೋಲಾ ಕಾಡು, ಇದು ಕುದುರೆಮುಖದಿಂದ ಕೊಡಗಿನ ತಡಿಯಂಡಮೋಳ್‌ವರೆಗೆ ಎಲ್ಲ ಕಡೆ ಕಾಣೋ ಚಿತ್ರ. ರೇಡಾರಿಗೆ ದಟ್ಟ ಕಾಡಿನ ಕೆಳಗಿನ ನೆಲ ಸರಿಯಾಗಿ ಕಾಣಲ್ಲ, ಮರದ ಮೇಲ್ಭಾಗದ ಹತ್ರದ ಎತ್ತರನೇ ಕೊಡತ್ತೆ, ಅಂದ್ರೆ ತಗ್ಗು ಇರೋದಕ್ಕಿಂತ ಮೇಲಿದ್ದಂಗೆ ಬರತ್ತೆ. ಶಿಖರದಲ್ಲಿ ಉಲ್ಟಾ. ಚೂಪಾದ ಬಂಡೆ ತುದಿ ಇದ್ರೆ 30 ಮೀಟರ್ ಚೌಕದ ಸರಾಸರಿಯಲ್ಲಿ ಅದು ತಗ್ಗಿಹೋಗತ್ತೆ. ಮೇಲಿನದು ಕೆಳಗೆ ಬಂತು, ಕೆಳಗಿನದು ಮೇಲೆ ಹೋಯ್ತು, ಎರಡೂ ಸೇರಿ ಪ್ರಾಮಿನೆನ್ಸ್ ಕಮ್ಮಿ ಆಗತ್ತೆ, ಯಾವಾಗ್ಲೂ ಒಂದೇ ದಿಕ್ಕಿಗೆ ತಪ್ಪು. ಅದಕ್ಕೆ ಪ್ರೋಗ್ರಾಮಿಗೆ 150 ಅಂತ ಕೊಡ್ಬೇಡಿ, 110 ಅಂತ ಕೊಡಿ, 110ರಿಂದ 170ರವರೆಗೆ ಬಂದಿದ್ದನ್ನೆಲ್ಲ ಬೇರೆ ತೆಗೆದಿಟ್ಟು ಒಂದೊಂದನ್ನೂ ಟೋಪೋಶೀಟಲ್ಲಿ ಕೈಯಾರೆ ನೋಡಿ. ಶಿವಮೊಗ್ಗದ ಗುಂಪಿನೋರೂ ಇದನ್ನ ಗಮನಿಸಿ, ಒಂದು ಕಡೆ ಪ್ರೋಗ್ರಾಮು ಇನ್ನೊಂದು ಕಡೆ ಪೆನ್ನು, ಎರಡೂ ಒಪ್ಪಿದ್ಮೇಲೆ ಹೆಸರು ಪಟ್ಟಿಗೆ ಬರ್ಲಿ. ಹೆಸರಿಲ್ಲದ ಶಿಖರ ಸಿಕ್ಕಿದ್ರೆ ನೀವೇ ಹೆಸರಿಡೋಕೆ ಹೋಗ್ಬೇಡಿ, ಕೆಳಗಿನ ಊರಲ್ಲಿ ದನ ಮೇಯಿಸೋರನ್ನ, ಎಸ್ಟೇಟಿನ ಹಳೇ ಜನರನ್ನ ಕೇಳಿ, ಅವರಲ್ಲಿ ಹೆಸರು ಇದ್ದೇ ಇರತ್ತೆ.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಕತ್ತರಿ ಬೆಟ್ಟ, ಕೇರಳ ಗಡಿಯ ಬ್ರಹ್ಮಗಿರಿ ಇವು ಸೇರ್ತಾವಾ?
(ಮೈಸೂರಿನ ಓದುಗರು)

ಉತ್ತರ: ಬ್ರಹ್ಮಗಿರಿ ಸೇರತ್ತೆ, 1608 ಮೀಟರ್, ಗಡಿ ಮೇಲಿದ್ರೂ ಶಿಖರ ಅರ್ಧ ನಮ್ಮದೇ. ಕತ್ತರಿ ಬೆಟ್ಟ ಸುಮಾರು 1800 ಮೀಟರ್, ತಡಿಯಂಡಮೋಳ್‌ಗಿಂತಲೂ ಎತ್ತರ, ಆದ್ರೆ ಬಿಳಿಗಿರಿ ಸಾಲು ಪೂರ್ವಘಟ್ಟ ಪಶ್ಚಿಮಘಟ್ಟ ಎರಡನ್ನೂ ಜೋಡಿಸೋ ಜಾಗ. ಪಟ್ಟಿಗೆ "ಪಶ್ಚಿಮ ಘಟ್ಟ" ಅಂತ ಹೆಸರಿಟ್ರೆ ಅದನ್ನ ಬಿಡ್ಬೇಕು, "ಕರ್ನಾಟಕದ ಶಿಖರಗಳು" ಅಂತಿಟ್ರೆ ಅದೂ ನಂದಿಬೆಟ್ಟಾನೂ ಬರತ್ತೆ. ಯಾವುದಾದ್ರೂ ಒಂದು ಮಾಡಿ.

ಪ್ರಶ್ನೆ: ಅಂಕೆ ಲೆಕ್ಕ ಎಲ್ಲ ಸರಿ, ಆದ್ರೆ ಕೊಡಚಾದ್ರಿ, ಎತ್ತಿನ ಭುಜ ಇಲ್ಲದ ಪಟ್ಟಿ ಒಂದು ಪಟ್ಟಿನಾ? ಮನಸ್ಸಿಗೆ ಹತ್ರ ಇರೋ ಬೆಟ್ಟಗಳಿಗೆ ಜಾಗ ಇಲ್ವಾ?
(ಸಾಗರದ ಓದುಗರು)

ಉತ್ತರ: ಕೊಡಚಾದ್ರಿ ಬಗ್ಗೆ ಚಿಂತೆ ಬೇಡ, 1343 ಮೀಟರೇ ಆದ್ರೂ ಸುತ್ತಲಿಂದ ಒಂಟಿಯಾಗಿ ಎದ್ದು ನಿಂತಿರೋದ್ರಿಂದ ಅಂಕೆ ಲೆಕ್ಕದಲ್ಲೇ ಆರಾಮಾಗಿ ಒಳಗೆ ಬರತ್ತೆ, ಎತ್ತರದ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೋಗೋ ಬೆಟ್ಟ ಈ ಲೆಕ್ಕದಲ್ಲಿ ಮೇಲೆ ಬರತ್ತೆ ನೋಡಿ. ಎತ್ತಿನ ಭುಜದ ಥರದ್ದು ಕಷ್ಟ, ನೋಡೋಕೆ ಅಷ್ಟು ಚಂದದ ಚೂಪು, ಅಂಕೆಯಲ್ಲಿ ಕೆಲವೊಮ್ಮೆ ಸೋಲತ್ತೆ. ಅದಕ್ಕೆ ಎರಡನೇ ಪಟ್ಟಿ ಮಾಡಿ. ಜಪಾನಲ್ಲಿ ಫುಕಾದಾ ಕ್ಯೂಯಾ ಅನ್ನೋ ಲೇಖಕರು 1964ರಲ್ಲಿ ನೂರು ಬೆಟ್ಟ ಆರಿಸಿದ್ರು. ಅವರ ಅಳತೆ ಬೆಟ್ಟದ ಗಾಂಭೀರ್ಯ, ಅದರ ಇತಿಹಾಸ, ಅದಕ್ಕೇ ಅಂತ ಇರೋ ವ್ಯಕ್ತಿತ್ವ, ಜೊತೆಗೆ ಸುಮಾರು 1500 ಮೀಟರ್ ಎತ್ತರ. ಇವತ್ತಿಗೂ ಅಲ್ಲಿನ ಜನ ಆ ನೂರನ್ನೂ ಹತ್ತೋಕೆ ವರ್ಷಗಟ್ಟಲೆ ಓಡಾಡ್ತಾರೆ. ಅದು ಒಬ್ಬರು ತಮ್ಮ ಆಯ್ಕೆ ಅಂತ ಹೇಳ್ಕೊಂಡೇ ಮಾಡಿದ ಪಟ್ಟಿ, ಅದಕ್ಕೇ ಗಟ್ಟಿ. ನಿಮ್ಮದೂ ಹಂಗೇ ಇರ್ಲಿ, ಆದ್ರೆ ಅಂಕೆಯ ಪಟ್ಟಿ ಒಳಗೆ ಇಷ್ಟದ ಬೆಟ್ಟನ ನುಗ್ಗಿಸೋದು ಬೇಡ.

ಪ್ರಶ್ನೆ: ಪಟ್ಟಿಯಲ್ಲಿರೋ ಅರ್ಧ ಶಿಖರ ಅಭಯಾರಣ್ಯ, ನ್ಯಾಷನಲ್ ಪಾರ್ಕ್ ಒಳಗೆ ಬರತ್ತೆ, ಪರ್ಮಿಷನ್ ಸಿಗಲ್ಲ. ಹತ್ತೋಕಾಗದ್ದನ್ನ ಹಾಕಿ ಏನು ಪ್ರಯೋಜನ?
(ಮಡಿಕೇರಿಯ ಓದುಗರು)

ಉತ್ತರ: ಹಾಕಿ. ಬಿಟ್ರೆ ಪಟ್ಟಿ ಸುಳ್ಳಾಗತ್ತೆ. ಆದ್ರೆ ಪ್ರತಿ ಹೆಸರಿನ ಮುಂದೆ ದಾರಿ ತೆರೆದಿದೆಯಾ, ಬುಕಿಂಗ್ ಬೇಕಾ, ಮುಚ್ಚಿದೆಯಾ ಅಂತ ಸ್ಪಷ್ಟವಾಗಿ ಬರೀರಿ, ಮುಚ್ಚಿರೋದಕ್ಕೆ ದಾರಿ ವಿವರ, ಜಿಪಿಎಸ್ ಟ್ರ್ಯಾಕ್ ಕೊಡ್ಲೇಬೇಡಿ. ಮತ್ತೆ "ಎಲ್ಲ ಮುಗಿಸಿದೋರು" ಅನ್ನೋ ಲೆಕ್ಕ ಇಡೋದಾದ್ರೆ ತೆರೆದಿರೋ ಶಿಖರಗಳಿಗೆ ಮಾತ್ರ ಇಡಿ. ಇದು ನಾನು ಒತ್ತಿ ಹೇಳೋ ಮಾತು, ಯಾಕಂದ್ರೆ ಪಟ್ಟಿ ಅನ್ನೋದು ಜನರನ್ನ ಎಳೆಯತ್ತೆ, ಕೊನೇ ಎರಡು ಟಿಕ್ಕಿಗೆ ಅಂತ ರಾತ್ರಿ ಚೆಕ್‌ಪೋಸ್ಟ್ ತಪ್ಪಿಸಿ ಹೋಗೋರು ಹುಟ್ಕೋತಾರೆ, ಆನೆ ಓಡಾಡೋ ಕಾಡಲ್ಲಿ ಅದರ ಬೆಲೆ ಏನು ಅಂತ ಕೊಡಗಿನೋರಿಗೆ ನಾನು ಹೇಳ್ಬೇಕಾಗಿಲ್ಲ. 2024ರ ಜನವರಿ ಕೊನೇ ವಾರದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆ ಥರ ಬಂದ್ರು, ಅದಾದ್ಮೇಲೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿದ್ದು, ಆಮೇಲೆ ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬೆಂಕಿ ಬೀಳೋ ಕಾಲಕ್ಕೆ ದಾರಿಗಳು ಮತ್ತೆ ಮುಚ್ಚತ್ತೆ, ಹೊರಡೋ ಮುಂಚೆ ಆಯಾ ವಲಯ ಕಚೇರಿಗೆ ಒಂದು ಫೋನ್ ಮಾಡಿ ವಿಚಾರಿಸ್ಕೊಳಿ.

ಪ್ರಶ್ನೆ: ಒಂದು ಸಲ ಪ್ರಕಟಿಸಿದ್ಮೇಲೆ ಯಾವುದೋ ಶಿಖರ ಲೆಕ್ಕಕ್ಕೆ ಕಮ್ಮಿ ಬಂತು ಅಂತ ಗೊತ್ತಾದ್ರೆ ತೆಗೀಬೇಕಾ?
(ಶಿವಮೊಗ್ಗದ ಅದೇ ಓದುಗರು)

ಉತ್ತರ: ಎರಡು ದಾರಿ ಇದೆ. ಅಮೆರಿಕದ ಅಡಿರಾಂಡಾಕ್ ಪರ್ವತಗಳಲ್ಲಿ ಮಾರ್ಷಲ್ ಅಣ್ಣತಮ್ಮಂದಿರು, ಅವರ ಗೈಡ್ ಹರ್ಬರ್ಟ್ ಕ್ಲಾರ್ಕ್ ಸೇರಿ ಹತ್ತಿ ಮುಗಿಸಿದ 4000 ಅಡಿಯ 46 ಶಿಖರದ ಪಟ್ಟಿ ಇದೆ, ಆಮೇಲಿನ ಸರ್ವೆಯಲ್ಲಿ ಅದ್ರಲ್ಲಿ ನಾಲ್ಕು 4000ಕ್ಕಿಂತ ಕಮ್ಮಿ ಅಂತ ಗೊತ್ತಾಯ್ತು, ಆದ್ರೂ ಅವರು ಪರಂಪರೆ ಅಂತ ಹಂಗೇ ಉಳಿಸ್ಕೊಂಡಿದಾರೆ. ಸ್ಕಾಟ್ಲೆಂಡಿನೋರು ತೆಗೀತಾರೆ, 2012ರಲ್ಲಿ ಒಂದು ಶಿಖರ ಸುಮಾರು ಒಂದೂವರೆ ಅಡಿ ಕಮ್ಮಿ ಬಂದಿದ್ದಕ್ಕೆ ಮನ್ರೋ ಪಟ್ಟಿಯಿಂದ ಆಚೆ ಹೋಯ್ತು. ನೀವು ಸ್ಕಾಟ್ಲೆಂಡಿನೋರ ಥರ ಮಾಡಿ. ಪಟ್ಟಿ ಮೇಲೆ ಯಾವ ವರ್ಷದ ಆವೃತ್ತಿ ಅಂತ ಹಾಕಿ, ತೆಗೆದದ್ದನ್ನ ಕಾರಣ ಸಮೇತ ಕೊನೇ ಪುಟದಲ್ಲಿ ಬರೀರಿ. ಹಳೇ ಆವೃತ್ತಿ ಹಿಡ್ಕೊಂಡು ಹತ್ತಿ ಮುಗಿಸಿದೋರ ಟಿಕ್ ಮಾತ್ರ ಯಾರೂ ಅಳಿಸ್ಬೇಡಿ.